ಎಟಿವಿ ಬ್ಯಾಟರಿ ಚಾರ್ಜ್ ಹಿಡೀತಿಲ್ಲ, ಹೊಸದೂ ಕೂತುಬಿಡ್ತು

ತೋಟದವ, ಮೂಡಿಗೆರೆ ಕಡೆ:

ನಮಸ್ಕಾರ. ನಮ್ಮದು ಕಾಫಿ ತೋಟ, ಕೆಳಗೆ ಸ್ವಲ್ಪ ಅಡಿಕೆ. ಜೀಪು ಇಳಿಯದ ಜಾಗಕ್ಕೆ ಅಂತ ಸೆಕೆಂಡ್ ಹ್ಯಾಂಡ್ ಎಟಿವಿ (ದಪ್ಪ ಟೈರಿನ ನಾಲ್ಕು ಚಕ್ರದ ಬೈಕು) ತಗೊಂಡು ನಾಲ್ಕು ವರ್ಷ ಆಯ್ತು. ಗೊಬ್ಬರ, ಔಷಧಿ ಡ್ರಮ್ಮು ಎಲ್ಲಾ ಅದರ ಬೆನ್ನ ಮೇಲೇ. ಈಗ ಬೆಳಿಗ್ಗೆ ಸ್ಟಾರ್ಟ್ ಒತ್ತಿದರೆ ರಿಲೇ ಟಕ್ ಟಕ್ ಅನ್ನುತ್ತೆ, ಎಂಜಿನ್ ತಿರುಗಲ್ಲ. ರಾತ್ರಿ ಚಾರ್ಜರ್‌ಗೆ ಹಾಕಿದರೆ ಎರಡು ದಿನ ಓಡುತ್ತೆ, ಮೂರನೇ ದಿನ ಮತ್ತೆ ಅದೇ ಕಥೆ. ಫೆಬ್ರವರಿಯಲ್ಲಿ ಹೊಸ ಬ್ಯಾಟರಿ ಹಾಕಿಸಿದ್ದೆ, 14 ಆಂಪಿಯರ್ ಅವರ್‌ದು. ಅದೂ ಕೂತಿದೆ.

ಮೆಕ್ಯಾನಿಕ್ ಸ್ಟೇಟರ್ (ಎಂಜಿನ್ ಒಳಗೆ ಕರೆಂಟ್ ಹುಟ್ಟಿಸೋ ಕಾಯಿಲ್) ಹೋಗಿದೆ ಅಂತಾರೆ. ಸೈಡ್ ಕವರ್ ಬಿಚ್ಚಬೇಕು, ಪಾರ್ಟ್ ಬರೋದಕ್ಕೆ ಹದಿನೈದು ದಿನ. ಅಡಿಕೆಯ ಕೊಳೆರೋಗಕ್ಕೆ ಎರಡನೇ ಸುತ್ತು ಬೋರ್ಡೋ (ಮೈಲುತುತ್ತ ಅಂದರೆ ತಾಮ್ರದ ಸಲ್ಫೇಟ್, ಅದಕ್ಕೆ ಸುಣ್ಣ ಬೆರೆಸಿದ ಔಷಧಿ) ಹೊಡೆಯೋ ಹೊತ್ತು ಇದು. ಗಾಡಿ ನಿಂತರೆ ಡ್ರಮ್ಮಿನ ನೀರನ್ನೆಲ್ಲ ಆಳುಗಳು ಆ ಜಾರೋ ದಾರಿಯಲ್ಲಿ ಹೆಗಲ ಮೇಲೆ ಹೊರಬೇಕು. ಹೋದ ವರ್ಷ ಒಬ್ಬರು ಬಿದ್ದು ಮಂಡಿ ಊದಿಸಿಕೊಂಡಿದ್ದರು, ಮತ್ತೆ ಹಾಗಾಗೋದು ನನಗೆ ಬೇಡ.

ನಾನು ನೋಡಿದ್ದು: ಗಾಡಿ ಆಫ್ ಇದ್ದಾಗ ಬ್ಯಾಟರಿಯಲ್ಲಿ 12.3 ವೋಲ್ಟ್. ಐಡಲ್‌ನಲ್ಲಿ 12.4. ರೇಸ್ ಕೊಟ್ಟರೂ 12.7 ದಾಟಲ್ಲ.

ವೈಂಡಿಂಗ್ ಕೆಲಸದವ, ಹಾಸನ:

ಸಾರ್, ಕವರ್ ಬಿಚ್ಚಿಸಬೇಡಿ, ಹೊರಗಿನಿಂದಲೇ ಗೊತ್ತಾಗುತ್ತೆ. ರೇಸ್‌ನಲ್ಲಿ ಬ್ಯಾಟರಿಗೆ 14ರ ಮೇಲೆ ಬರಬೇಕು, ನಿಮಗೆ ಬರ್ತಿಲ್ಲ. ಹಾಗಂತ ತಪ್ಪು ಸ್ಟೇಟರ್‌ದೇ ಅಂತಲ್ಲ.

ಎಂಜಿನ್‌ನಿಂದ ಮೂರು ಹಳದಿ ವೈರ್ ಒಂದು ಕಪ್ಲರ್‌ಗೆ ಬರುತ್ತಲ್ಲ, ಅದನ್ನ ಕಳಚಿ. ಮೊದಲು ಕಪ್ಲರ್ ಕರಕಾಗಿದೆಯಾ, ಪ್ಲಾಸ್ಟಿಕ್ ಕರಗಿದೆಯಾ ನೋಡಿ. ಎಂಜಿನ್ ಆಫ್ ಇಟ್ಟು ಒಂದೊಂದು ಹಳದಿಯಿಂದ ಗಾಡಿಯ ಚಾಸಿಗೆ ಕಂಟಿನ್ಯುಟಿ (ಕರೆಂಟ್ ಹರಿಯೋ ಸಂಪರ್ಕ) ನೋಡಿ, ಸ್ವಲ್ಪವೂ ಇರಬಾರದು. ಆಮೇಲೆ ಸ್ಟಾರ್ಟ್ ಮಾಡಿ, ಮೀಟರ್ ಎಸಿಯಲ್ಲಿಟ್ಟು, ರೇಸ್ ಕೊಡುತ್ತಾ ಎರಡೆರಡು ಹಳದಿಗೆ ಹಿಡಿಯಿರಿ. ಮೂರು ಜೋಡಿಗೂ ಹೆಚ್ಚುಕಮ್ಮಿ ಒಂದೇ ಅಂಕಿ ಬಂದರೆ ಸ್ಟೇಟರ್ ಸರಿ ಇದೆ. ಅದು ಐವತ್ತು ವೋಲ್ಟಿನ ಆಸುಪಾಸೂ ಹೋಗಬಹುದು, ಬೆರಳು ತಾಗಿಸಬೇಡಿ.

ಅದು ಪಾಸಾದರೆ ಕಪ್ಲರ್ ವಾಪಸ್ ಹಾಕಿ ಡಿಸಿಗೆ ಬನ್ನಿ. ಓಡುತ್ತಿರುವಾಗ ರೆಗ್ಯುಲೇಟರ್‌ನ (ಸ್ಟೇಟರ್‌ನ ಎಸಿಯನ್ನ ಡಿಸಿ ಮಾಡಿ ಬ್ಯಾಟರಿಗೆ ಬೇಕಾದಷ್ಟೇ ಬಿಡೋ ಡಬ್ಬಿ) ಕೆಂಪು ವೈರ್‌ಗೂ ಬ್ಯಾಟರಿ ಪ್ಲಸ್‌ಗೂ ನಡುವೆ ಎಷ್ಟಿದೆ, ಅದರ ಕಪ್ಪು ವೈರ್‌ಗೂ ಬ್ಯಾಟರಿ ಮೈನಸ್‌ಗೂ ನಡುವೆ ಎಷ್ಟಿದೆ ನೋಡಿ. ಅರ್ಧ ವೋಲ್ಟ್ ಇದ್ದರೂ ಆ ದಾರಿಯಲ್ಲಿ ಕಳ್ಳ ಇದ್ದಾನೆ. ತುಂಬಾ ಜನ ಇದೊಂದನ್ನ ನೋಡದೆ ಸಾವಿರಾರು ರೂಪಾಯಿ ಕಳೆದುಕೊಳ್ತಾರೆ.

ಎಸ್ಟೇಟ್ ರೈಟರ್, ಸಕಲೇಶಪುರ:

ವಿಂಚ್ (ಕೇಬಲ್ ಸುತ್ತಿ ಎಳೆಯೋ ಮೋಟಾರು) ಇದೆಯಾ ಅಣ್ಣ? ನಮ್ಮಲ್ಲಿ ವಿಂಚಿನ ರಿಲೇ ಒಳಗೆ ನೀರು ಹೋಗಿ, ನಿಂತ ಗಾಡಿಯಲ್ಲೂ ಕರೆಂಟ್ ಎಳೀತಿತ್ತು. ಕೀ ಆಫ್ ಮಾಡಿ, ಮೈನಸ್ ಕೇಬಲ್ ಬಿಚ್ಚಿ, ನಡುವೆ ಆಂಪಿಯರ್ ಮೀಟರ್ ಹಾಕಿ ನೋಡಿ. ಮೀಟರ್ ಹಾಕಿಕೊಂಡೇ ಸ್ಟಾರ್ಟ್ ಮಾತ್ರ ಒತ್ತಬೇಡಿ, ಫ್ಯೂಸ್ ಹಾರುತ್ತೆ.

ತೋಟದವ, ಮೂಡಿಗೆರೆ ಕಡೆ:

ಇಬ್ಬರಿಗೂ ದೊಡ್ಡ ನಮಸ್ಕಾರ. ವಿಂಚ್ ಇಲ್ಲ. ಆಫ್‌ನಲ್ಲಿ ಎಳೆಯೋದು 2 ಮಿಲಿ ಆಂಪಿಯರ್ ಅಷ್ಟೇ.

ಹಳದಿ ವೈರ್‌ಗಳಲ್ಲಿ 52, 53, 52 ಬಂತು. ಚಾಸಿಗೆ ಕಂಟಿನ್ಯುಟಿ ಇಲ್ಲ. ಅಲ್ಲಿಗೆ ಸ್ಟೇಟರ್ ಬಚಾವ್. ಕೆಂಪು ಕಡೆ 0.1 ವೋಲ್ಟ್. ಕಪ್ಪು ಕಡೆ 1.6! ರೆಗ್ಯುಲೇಟರ್‌ನ ಎರಡು ವೈರ್ ಮೇಲೆ ನೇರ ಹಿಡಿದರೆ 14.4 ಇದೆ, ಬ್ಯಾಟರಿಗೆ ಮುಟ್ಟೋದು 12.7.

ಆ ಕಪ್ಪು ವೈರ್ ಹಿಂದಿನ ಕ್ಯಾರಿಯರ್ ಕೆಳಗೆ ಚಾಸಿಗೆ ಬೋಲ್ಟ್ ಆಗಿದೆ. ನಾನು ಡ್ರಮ್ ಕಟ್ಟೋದು ಸರಿಯಾಗಿ ಅದರ ಮೇಲೆ. ಬೋರ್ಡೋ ಅವತ್ತಿಂದ ಅವತ್ತೇ ಹೊಡೆಯಬೇಕಲ್ಲ, ಹಾಗಾಗಿ ಮೈಲುತುತ್ತದ ನೀರು ಬೇರೆ, ಸುಣ್ಣದ ನೀರು ಬೇರೆ ಒಯ್ದು ಅಡಿಕೆ ಬುಡದಲ್ಲೇ ಬೆರೆಸ್ತೀವಿ. ಏರಿನಲ್ಲಿ ತುಳುಕಿದ ಮೈಲುತುತ್ತದ ನೀರು ನಾಲ್ಕು ಮಳೆಗಾಲ ಆ ಬೋಲ್ಟಿನ ಮೇಲೆ ಬಿದ್ದಿದೆ. ಬಿಚ್ಚಿದಾಗ ವಾಷರ್ ಕೆಳಗೆ ನೀಲಿ-ಹಸಿರು ಹಕ್ಕಳೆ. ಬೋಲ್ಟಿನ ಮೈಗೆ ಕೆಂಪು ಲೇಪ, ಸುಣ್ಣ ಸಾಲದ ಬೋರ್ಡೋಗೆ ಕತ್ತಿ ಅದ್ದಿದರೆ ಅಲಗಿಗೆ ತಾಮ್ರ ಹತ್ತುತ್ತಲ್ಲ, ಥೇಟ್ ಹಾಗೆ. ರಿಂಗ್ ಟರ್ಮಿನಲ್ ಹಿಡಿದು ಎಳೆದರೆ ವೈರಿನ ಎಳೆಗಳು ಪುಡಿಯಾಗಿ ಕೈಗೆ ಬಂದವು.

ವೈಂಡಿಂಗ್ ಕೆಲಸದವ, ಹಾಸನ:

ಸಿಕ್ತಲ್ಲ! ರೆಗ್ಯುಲೇಟರ್ ತನ್ನ ಹತ್ತಿರ 14.4 ನೋಡಿಕೊಂಡು ಬ್ಯಾಟರಿ ತುಂಬಿತು ಅಂತ ಸುಮ್ಮನಾಗ್ತಿತ್ತು. ಸ್ಟಾರ್ಟರ್‌ನ ದಪ್ಪ ಅರ್ತ್ ಕೇಬಲ್ ಬೇರೆ ದಾರಿಯಲ್ಲಿರೋದರಿಂದ ತುಂಬಿದ ಬ್ಯಾಟರಿ ಇದ್ದಾಗ ಗಾಡಿ ಸ್ಟಾರ್ಟ್ ಆಗ್ತಿತ್ತು, ಯಾರಿಗೂ ಅನುಮಾನ ಬರಲಿಲ್ಲ. ವೈರನ್ನ ತಾಮ್ರ ಹೊಳೆಯೋವರೆಗೂ ಕತ್ತರಿಸಿ, ಹೊಸ ರಿಂಗ್ ಹಾಕಿ, ಚಾಸಿಯನ್ನ ಎಮರಿ ಪೇಪರ್‌ನಲ್ಲಿ ಉಜ್ಜಿ ಬಿಗಿ ಮಾಡಿ, ಮೇಲೆ ಪೆಟ್ರೋಲಿಯಂ ಜೆಲ್ಲಿ ಬಳಿಯಿರಿ. ಅಲ್ಲಿಂದ ಬ್ಯಾಟರಿ ಮೈನಸ್‌ಗೆ ಇನ್ನೊಂದು ವೈರ್ ನೇರವಾಗಿ ಎಳೆದುಬಿಡಿ. ಬ್ಯಾಟರಿಯನ್ನ 1.4 ಆಂಪಿಯರ್‌ನಲ್ಲಿ ನಿಧಾನ ಚಾರ್ಜ್ ಮಾಡಿ. ಅರೆಹೊಟ್ಟೆಯಲ್ಲಿ ತಿಂಗಳುಗಟ್ಟಲೆ ಇದ್ದದ್ದು, ಪೂರ್ತಿ ಚೇತರಿಸಿಕೊಳ್ಳುತ್ತೆ ಅಂತ ಮಾತು ಕೊಡಲಾರೆ.

ತೋಟದವ, ಮೂಡಿಗೆರೆ ಕಡೆ:

ನೀವು ಹೇಳಿದ ಹಾಗೇ ಮಾಡಿದೆ. ರೇಸ್‌ನಲ್ಲಿ ಬ್ಯಾಟರಿಗೆ 14.2 ಬರ್ತಿದೆ. ಚಾರ್ಜರ್ ತೆಗೆದು ಒಂದು ರಾತ್ರಿ ಬಿಟ್ಟು ನೋಡಿದರೆ 12.7, ಸ್ಟಾರ್ಟ್ ಹೊಡೆಯುವಾಗ 10.6ಕ್ಕಿಂತ ಇಳಿಯಲಿಲ್ಲ. ಮೈಲುತುತ್ತದ ಡ್ರಮ್ ಇನ್ನು ಮುಂದಿನ ಕ್ಯಾರಿಯರ್‌ಗೆ, ಕೆಳಗೆ ಟ್ರೇ ಇಟ್ಟು. ನಾಳೆ ಮಳೆ ಹೊಳವು ಕೊಟ್ಟರೆ ಬೆಳಿಗ್ಗೆನೇ ಅಡಿಕೆಗೆ ಇಳೀತೀವಿ.