ಅಪ್ಪನಿಗೆ ತೋರಿಸಲು ಒಂದು ಸಣ್ಣ ಊರು: ಅಸ್ಟೋರಿಯಾಕ್ಕೆ ಹೋಗಿಬಂದವರು ಹೇಳಿದ್ದು

ಅಮೆರಿಕದ ಒರೆಗಾನ್ ರಾಜ್ಯದ ಬೀವರ್ಟನ್‌ನಿಂದ ಒಬ್ಬರ ಪ್ರಶ್ನೆ

ಮುಂದಿನ ತಿಂಗಳು ಅಪ್ಪ, ಅಮ್ಮ ದಾವಣಗೆರೆಯಿಂದ ಬರುತ್ತಿದ್ದಾರೆ. ಅಪ್ಪ ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿದವರು. "ಎತ್ತರದ ಕಟ್ಟಡ ನನಗೆ ಬೇಡ. ಒಂದು ಸಣ್ಣ ಊರು ತೋರಿಸು. ಅಲ್ಲಿ ಯಾರಿದ್ದರು, ಏನು ಮಾಡಿ ಹೊಟ್ಟೆ ಹೊರೆದರು, ಅದು ತಿಳಿಯಬೇಕು" ಎನ್ನುತ್ತಾರೆ. ಅಮ್ಮನಿಗೆ ಮೊಣಕಾಲು ನೋವು, ಕಾರಿನಲ್ಲಿ ಎರಡು ಮೂರು ಗಂಟೆಗಿಂತ ಹೆಚ್ಚು ಕೂರಲಾರರು. ಎಲ್ಲಿಗೆ ಕರೆದೊಯ್ಯಲಿ?

ಹಿಲ್ಸ್‌ಬೊರೊದಲ್ಲಿ ಹನ್ನೆರಡು ವರ್ಷದಿಂದ ಇರುವವರು

ಎರಡನೆಯ ಯೋಚನೆ ಬೇಡ, ಅಸ್ಟೋರಿಯಾಕ್ಕೆ ಹೋಗಿ. ಕೊಲಂಬಿಯಾ ನದಿ ಪೆಸಿಫಿಕ್ ಸಾಗರವನ್ನು ಸೇರುವಲ್ಲಿ ಇರುವ ಊರು. ಸುಮಾರು ಎರಡು ಗಂಟೆಯ ದಾರಿ. 1811ರಲ್ಲಿ ಜಾನ್ ಜೇಕಬ್ ಆಸ್ಟರ್ ಎಂಬ ಶ್ರೀಮಂತ ವ್ಯಾಪಾರಿಯ ಕಂಪನಿ ತುಪ್ಪಳದ ವ್ಯಾಪಾರಕ್ಕೆಂದು ಇಲ್ಲೊಂದು ಕೋಟೆ ಕಟ್ಟಿತು. ರಾಕಿ ಪರ್ವತಗಳ ಪಶ್ಚಿಮಕ್ಕೆ ಅಮೆರಿಕನ್ನರು ನೆಲೆಯೂರಿ ಉಳಿದ ಊರುಗಳಲ್ಲಿ ಇದೇ ಹಳೆಯದು. ಅದಕ್ಕೂ ಮೊದಲು ಈ ದಡ ಕ್ಲಾಟ್ಸಪ್ ಮತ್ತು ಚಿನೂಕ್ ಎಂಬ ಮೂಲನಿವಾಸಿ ಜನರದಾಗಿತ್ತು, ಆ ಮಾತನ್ನು ನಿಮ್ಮ ತಂದೆಗೆ ಮೊದಲೇ ಹೇಳಿ. ಚಿನೂಕರಿಗೆ ಇಲ್ಲಿನ ಕೇಂದ್ರ ಸರ್ಕಾರ 2001ರಲ್ಲಿ ಬುಡಕಟ್ಟು ಎಂಬ ಮಾನ್ಯತೆ ಕೊಟ್ಟು ಮರುವರ್ಷವೇ ಹಿಂತೆಗೆದುಕೊಂಡಿತು. ನನಗೆ ಇಂದಿಗೂ ಅದನ್ನು ನೆನೆದರೆ ಸಂಕಟವಾಗುತ್ತದೆ.

ಕಾಮ್‌ಕಾಮ್ಲಿ ಎಂಬ ಚಿನೂಕ್ ಮುಖಂಡನ ಮೊಮ್ಮಗ ರಾನಲ್ಡ್ ಮೆಕ್‌ಡೊನಾಲ್ಡ್ 1824ರಲ್ಲಿ ಈ ಕೋಟೆಯಲ್ಲೇ ಹುಟ್ಟಿದ. ಹೊರಗಿನವರಿಗೆ ಜಪಾನ್ ಬಾಗಿಲು ಮುಚ್ಚಿದ್ದ ಕಾಲದಲ್ಲಿ, 1848ರಲ್ಲಿ, ಬೇಕೆಂದೇ ಒಂಟಿ ದೋಣಿಯಲ್ಲಿ ಅಲ್ಲಿನ ದಡ ಸೇರಿ ಸೆರೆಯಾದ. ನಾಗಸಾಕಿಯ ಸೆರೆಯಲ್ಲಿದ್ದುಕೊಂಡೇ ಜಪಾನಿ ದುಭಾಷಿಗಳಿಗೆ ಇಂಗ್ಲಿಷ್ ಕಲಿಸಿದ. ಅವನ ನೆನಪಿನ ಕಲ್ಲು ಊರಿನಲ್ಲಿದೆ. ಮೇಷ್ಟರಾಗಿದ್ದವರಿಗೆ ಇದು ಇಷ್ಟವಾಗದೆ ಇರದು.

ಅತ್ತೆಯನ್ನು ಕರೆದುಕೊಂಡು ಹೋಗಿದ್ದವರು

ಮೊದಲು ಕಾಲುನೋವಿನ ಮಾತು. ಗುಡ್ಡದ ಮೇಲೆ 1926ರಲ್ಲಿ ಕಟ್ಟಿದ 125 ಅಡಿಯ ಸ್ತಂಭವಿದೆ, ಮೈತುಂಬ ಊರಿನ ಕಥೆಯ ಚಿತ್ರಗಳು. ಒಳಗೆ 164 ಮೆಟ್ಟಿಲು. ಅಮ್ಮನನ್ನು ಹತ್ತಿಸಬೇಡಿ. ಕಾರು ಬುಡದವರೆಗೂ ಹೋಗುತ್ತದೆ, ಕೆಳಗೆ ನಿಂತರೂ ನದಿ, ಸಮುದ್ರ, ಸೇತುವೆ ಎಲ್ಲ ಕಾಣುತ್ತವೆ. ನಮ್ಮತ್ತೆ ಅಲ್ಲೇ ಬೆಂಚಿನ ಮೇಲೆ ಕುಳಿತು ಒಂದು ಗಂಟೆ ಹಡಗುಗಳನ್ನು ನೋಡಿದರು. ಮಲೆನಾಡಿನವರಾದ ಅವರಿಗೆ ಆ ಜಿಟಿಜಿಟಿ ಮಳೆ ತವರಿನಂತೆಯೇ ಅನಿಸಿತಂತೆ. ನಿಮ್ಮವರು ಬಯಲುಸೀಮೆಯವರು, ಬೆಚ್ಚನೆಯ ಕೋಟು, ಟೋಪಿ ಮರೆಯಬೇಡಿ. ಊಟಕ್ಕೆ ಎಲ್ಲಿ ನೋಡಿದರೂ ಮೀನೇ. ಸಸ್ಯಾಹಾರಿಗಳಾದರೆ ಚಪಾತಿ, ಚಟ್ನಿಪುಡಿ, ಮೊಸರನ್ನ ಕಟ್ಟಿಕೊಂಡು ಹೋಗಿ.

ಕೊಲಂಬಿಯಾ ನದಿಯ ಕಡಲ ವಸ್ತುಸಂಗ್ರಹಾಲಯಕ್ಕೆ ಅರ್ಧ ದಿನ ಇಡಿ. ನದಿಯ ಬಾಯಲ್ಲಿ ಮರಳುದಿಣ್ಣೆಯ ಮೇಲೆ ನದಿಯ ಸೆಳೆತವೂ ಕಡಲಿನ ಅಲೆಯೂ ಡಿಕ್ಕಿ ಹೊಡೆಯುತ್ತವೆ. ಸುಮಾರು 2000 ಹಡಗು, ದೋಣಿಗಳು ಅಲ್ಲಿ ಮುಳುಗಿವೆ ಎಂಬ ಲೆಕ್ಕವಿದೆ. ಈಗಲೂ ದೊಡ್ಡ ಹಡಗುಗಳನ್ನು ಒಳಗೆ ತರಲು ದಾರಿ ಬಲ್ಲ ಸ್ಥಳೀಯ ನಾವಿಕ, ಅಂದರೆ ಪೈಲಟ್, ಹತ್ತಲೇಬೇಕು. ಹಾಗೆ ಪೈಲಟ್ ಆಗಿ ಹಣ ಮಾಡಿದ ಕ್ಯಾಪ್ಟನ್ ಫ್ಲೇವಲ್‌ನ ಬಂಗಲೆಯನ್ನೂ ನೋಡಿ, ಚೆನ್ನಾಗಿದೆ.

ಸಿಯಾಟಲ್‌ನಿಂದ, ವಲಸೆಯ ಇತಿಹಾಸ ಓದುವವರು

ಬಂಗಲೆಗೆ ಸಮಯ ಕೊಡುವುದಕ್ಕೆ ನನ್ನ ಒಪ್ಪಿಗೆ ಇಲ್ಲ. ನಿಮ್ಮ ತಂದೆ ಕೇಳುತ್ತಿರುವುದು ದುಡಿದವರ ಕಥೆ. ಅದು ಬೇಕಾದರೆ ನೀರಿನಂಚಿಗೆ ಹೋಗಬೇಕು.

ಈ ಊರನ್ನು ಬೆಳೆಸಿದ್ದು ಸಾಲ್ಮನ್ ಮೀನು. ಮೀನನ್ನು ಡಬ್ಬಿಗೆ ತುಂಬುವ ಕಾರ್ಖಾನೆಗಳಲ್ಲಿ ಅದನ್ನು ಕತ್ತರಿಸುತ್ತಿದ್ದವರು ಚೀನೀಯರು. 1882ರ ಕಾನೂನು ಹೊಸ ಚೀನೀ ಕಾರ್ಮಿಕರ ದಾರಿ ಮುಚ್ಚಿತು, ಆಮೇಲೆ ಮೀನು ಕತ್ತರಿಸುವ ಯಂತ್ರಗಳು ಬಂದವು. ಅವರ ನೆನಪಿಗೆ ಒಂದು ಉದ್ಯಾನ ಆಗಲು 2014ರವರೆಗೆ ಕಾಯಬೇಕಾಯಿತು. ಮೀನು ಹಿಡಿಯುತ್ತಿದ್ದವರಲ್ಲಿ ಫಿನ್‌ಲೆಂಡಿನವರು ಬಹಳ. ಸೇತುವೆಯ ಬುಡದಲ್ಲಿರುವ ಯೂನಿಯನ್‌ಟೌನ್ ಅವರ ಕೇರಿ. ತಮ್ಮದೇ ಸಹಕಾರಿ ಕಾರ್ಖಾನೆ, ತಮ್ಮ ಭಾಷೆಯ ಸಮಾಜವಾದಿ ಪತ್ರಿಕೆ, ಸಭಾಭವನ ಎಲ್ಲವನ್ನೂ ಕಟ್ಟಿಕೊಂಡಿದ್ದರು.

ಇನ್ನೊಂದು ತುದಿಯಲ್ಲಿ ಆಲ್ಡರ್‌ಬ್ರೂಕ್ ಇದೆ. ನಾನು ಇಷ್ಟು ಬರೆಯುತ್ತಿರುವುದೇ ಅದಕ್ಕಾಗಿ. ಅಲ್ಲಿದ್ದ ಹ್ಯಾಮಂಡ್ ಮರದ ಕಾರ್ಖಾನೆಯಲ್ಲಿ ಪಂಜಾಬಿನಿಂದ ಬಂದವರು, ಹೆಚ್ಚಿನವರು ಸಿಖ್ಖರು, ಕೆಲಸ ಮಾಡುತ್ತಿದ್ದರು. 1907ರಲ್ಲಿ ವಾಷಿಂಗ್ಟನ್ ರಾಜ್ಯದ ಬೆಲಿಂಗ್‌ಹ್ಯಾಮ್‌ನಲ್ಲಿ ಬಿಳಿಯರ ಗುಂಪು ಭಾರತೀಯ ಕಾರ್ಮಿಕರನ್ನು ಊರಿನಿಂದಲೇ ಹೊಡೆದೋಡಿಸಿತ್ತು. 1910ರಲ್ಲಿ ಪೋರ್ಟ್‌ಲ್ಯಾಂಡ್ ಪಕ್ಕದ ಸೇಂಟ್ ಜಾನ್ಸ್‌ನಲ್ಲೂ ಹಾಗೇ ಆಯಿತು. ಅಸ್ಟೋರಿಯಾದಲ್ಲಿ ಮಾತ್ರ ಅವರು ನಿಂತು ಬದುಕಿದರು, ಕುಸ್ತಿಯಾಡಿದರು. 1913ರಲ್ಲಿ ಕೊಲಂಬಿಯಾ ದಡದ ಕಾರ್ಖಾನೆಗಳ ಭಾರತೀಯರು ಈ ಊರಿನಲ್ಲಿ, ಫಿನ್ನಿಷ್ ಸಮಾಜವಾದಿಗಳ ಭವನದಲ್ಲಿ ಸೇರಿದರು. ಪೋರ್ಟ್‌ಲ್ಯಾಂಡಿನ ಮರದ ಕಾರ್ಖಾನೆಯೊಂದರಲ್ಲಿ ದುಡಿಯುತ್ತಿದ್ದ ಸೋಹನ್ ಸಿಂಗ್ ಭಕ್ನಾ ಅಧ್ಯಕ್ಷರಾದರು, ಲಾಲಾ ಹರದಯಾಳ್ ಕಾರ್ಯದರ್ಶಿಯಾದರು. ಭಾರತದಿಂದ ಬ್ರಿಟಿಷರನ್ನು ಓಡಿಸಲು ಹೊರಟ ಗದರ್ ಪಕ್ಷ ಹುಟ್ಟಿದ್ದು ಹೀಗೆ. ಅದೇ ನವೆಂಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಪತ್ರಿಕೆ ಹೊರಟಿತು. ಮರುವರ್ಷ ಮೊದಲನೆಯ ಮಹಾಯುದ್ಧ ಶುರುವಾದಾಗ ಬಹಳಷ್ಟು ಜನ ಬ್ರಿಟಿಷರ ಮೇಲೆ ದಂಗೆಯೇಳಲು ಹಡಗು ಹತ್ತಿದರು. ಅವರಲ್ಲೊಬ್ಬನಾದ, ಹತ್ತೊಂಬತ್ತರ ಹರೆಯದ ಕರ್ತಾರ್ ಸಿಂಗ್ ಸರಾಭಾ 1915ರಲ್ಲಿ ಲಾಹೋರಿನಲ್ಲಿ ಗಲ್ಲಿಗೇರಿದ.

ದಿನವಿಡೀ ಮರ ಕೊಯ್ದು ಬಂದ ಕೈಗಳು ಒಂದು ದೇಶದ ಬಿಡುಗಡೆಗೆ ವಂತಿಗೆ ಎತ್ತಿದ ಊರು ಇದು. 2013ರಲ್ಲಿ ಊರಿನವರೇ ಗದರ್ ಪಕ್ಷದ ಶತಮಾನೋತ್ಸವ ಆಚರಿಸಿದಾಗ ನನಗೆ ಕಣ್ಣು ತುಂಬಿತ್ತು.

ಕಾರ್ಖಾನೆಯನ್ನು ಹುಡುಕಬೇಡಿ. 1922ರಲ್ಲಿ ಅದು ಸುಟ್ಟುಹೋಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಪೇಟೆಯೂ ಉರಿಯಿತು. ಬೀದಿಗಳೆಲ್ಲ ನೀರಿನ ಮೇಲೆ ಮರದ ಕಂಬಗಳ ಮೇಲಿದ್ದವು, ಬೆಂಕಿ ಬೀದಿಯ ಅಡಿಯಿಂದಲೇ ಓಡಿತು. 1920ರಲ್ಲಿ ಸುಮಾರು 14,000 ಜನರಿದ್ದರು, ಈಗ 10,000 ಚಿಲ್ಲರೆ.

ಹಿಲ್ಸ್‌ಬೊರೊದವರು ಮತ್ತೆ

ಆಲ್ಡರ್‌ಬ್ರೂಕ್‌ಗೆ ಬೆಳಿಗ್ಗೆ ಹೋಗಿ. ನದಿ ಪಕ್ಕದ ನಡಿಗೆ ದಾರಿ ಸಮತಟ್ಟಾಗಿದೆ, ಅಮ್ಮನಿಗೂ ಕಷ್ಟವಾಗದು.

ಪ್ರಶ್ನೆ ಕೇಳಿದವರು

ಎಲ್ಲವನ್ನೂ ಅಪ್ಪನಿಗೆ ಫೋನಿನಲ್ಲಿ ಓದಿ ಹೇಳಿದೆ. ಗದರ್ ಪಕ್ಷದ ಬಗ್ಗೆ ಪ್ರತಿ ವರ್ಷವೂ ಕಲಿಸಿದ್ದಾರೆ, ಸ್ಯಾನ್ ಫ್ರಾನ್ಸಿಸ್ಕೊ ಎಂದಷ್ಟೇ ಹೇಳುತ್ತಿದ್ದರಂತೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಊರಿನ ಹೆಸರನ್ನು ಕನ್ನಡದಲ್ಲಿ ಹೇಗೆ ಬರೆಯುತ್ತೀ, ಹೇಳು" ಎಂದರು. ಬರೆದುಕೊಳ್ಳುವ ಸದ್ದು ಕೇಳಿಸಿತು. ಎರಡು ರಾತ್ರಿಗೆ ಕೋಣೆ ಕಾದಿರಿಸಿದ್ದೇನೆ.