ಬುಕಿಂಗ್ ರೂಲ್ ಜಾವಾ ಕ್ಲಾಸ್‌ನ್ಯಾಗ ಹಾಕಿದ್ರ ನಲ್ ಪಾಯಿಂಟರ್ ಯಾಕ ಬರ್ತೈತಿ?

ಹಿಂಜವಡಿ ಹುಡುಗ: ತಲಿ ಕೆಟ್ಟೈತಿ. ಗೋವಾ ಹೋಂಸ್ಟೇ ಬುಕಿಂಗ್ ಆ್ಯಪ್. ಹೋಗೋ ತಾರೀಕು ಬರೋ ತಾರೀಕಿನ ನಂತರ ಇರಬೇಕು, ಡಿಸೆಂಬರ್ 20 ದಾಟಿದ್ರ ಕಮ್ಮಿ ಅಂದ್ರೂ 3 ರಾತ್ರಿ, ಇಷ್ಟ ರೂಲ್, ತಾರೀಕು ತುಂಬೋ ಎರಡೂ ಸೆಟರ್‌ನ್ಯಾಗ ಚೆಕ್ ಹಾಕೀನಿ, ಟೆಸ್ಟ್ ಎಲ್ಲಾ ಪಾಸಾಗಿ ಹಸಿರು, ಆದ್ರ ಹಳೇ ಬುಕಿಂಗ್ ತಗದ ಕೂಡ್ಲೇ ನಲ್ ಪಾಯಿಂಟರ್, ಖಾಲಿ ಜಾಗ ಮುಟ್ಟಿದಿ ಅನ್ನೋ ಎರರ್. ಮೂರು ದಿನಾತು. ಸೋಮವಾರ ಡೆಮೋ.

ಕೋಥ್ರೂಡ್ ಕಾಕಾ: ರೂಲ್‌ಗಳನ್ನ ಕ್ಲಾಸ್ ಒಳಗೆ ತುರುಕಿದ್ರೆ ಹಿಂಗೇ. ರೂಲ್ ಬೇರೆ ಇಟ್ಟು ನಡೆಸೋ ಡ್ರೂಲ್ಸ್ ಸಾಫ್ಟ್‌ವೇರ್ ಹಾಕಿ.

ಬಾಣೇರ್ ಭಟ್ಟ: ಎರಡು ರೂಲಿಗೆ ಡ್ರೂಲ್ಸಾ? ಸೊಳ್ಳೆ ಹೊಡಿಯೋಕೆ ಒನಕೆ ತಂದಂಗಾಯ್ತು.

ಕೋಥ್ರೂಡ್ ಕಾಕಾ: ಇವತ್ತು ಎರಡು, ನಾಳೆ ಇನ್ನೂರು. ನಮ್ಮಲ್ಲಿ ರೂಲ್ ಎಲ್ಲಾ ಬೇರೆ ಸರ್ವರಲ್ಲಿವೆ, ನಾನು 32 ಇಂಚಿನ ಎರಡು ಮಾನಿಟರ್ ಇಟ್ಕೊಂಡು ಒಂದ್ರಲ್ಲಿ ಬರೀ ರೂಲ್ ನೋಡ್ತೀನಿ.

ಹಳೇ ತಲೆ: 1997ರಲ್ಲಿ ಸಾಫ್ಟ್‌ವೇರ್ ವಿನ್ಯಾಸದ ಚಿತ್ರ ಬರಿಯೋ ಯುಎಂಎಲ್ 1.1 ಜೊತೆ ಓಸಿಎಲ್ ಭಾಷೆ ಬಂದಿದ್ದೇ ಇಂಥ ನಿಯಮ ಬರಿಯೋಕೆ. ಈಗಿನವರು ಚಿತ್ರನೇ ಬರಿಯಲ್ಲ.

ಬಾಣೇರ್ ಭಟ್ಟ: ಓಸಿಎಲ್ ಚಿತ್ರ ಅಲ್ಲ ಸಾರ್, ಪಠ್ಯ. ಇರ್ಲಿ. ಹುಡುಗ, ಡೇಟಾಬೇಸಿಂದ ಬುಕಿಂಗ್ ಓದಿ ತರೋದು ಹೈಬರ್ನೇಟಾ? ಯಾವುದು ಐಡಿ ಅಂತ ಹೇಳೋ ಆನೋಟೇಶನ್ ಎಲ್ಲಿಟ್ಟಿದೀಯ?

ಹಿಂಜವಡಿ ಹುಡುಗ: ಹೌದ್ರೀ ಹೈಬರ್ನೇಟ್, ಅದು ಗೊತ್ತಿರತೈತಿ ಅಂತ ಬರೀಲಿಲ್ಲ. ಐಡಿ ಓದಿ ಕೊಡೋ ಗೆಟರ್ ಮ್ಯಾಲ.

ಬಾಣೇರ್ ಭಟ್ಟ: ಅಲ್ಲೇ ಇದೆ ನೋಡು. ಐಡಿ ಗೆಟರ್ ಮೇಲಿದ್ರೆ ಹೈಬರ್ನೇಟ್ ಡೇಟಾಬೇಸಿನ ರೋ ಓದಿ ನಿನ್ನ ಸೆಟರನ್ನೇ ಒಂದೊಂದಾಗಿ ಕರೆಯುತ್ತೆ, ಬರೋ ತಾರೀಕು ಕೂರೋ ಹೊತ್ತಿಗೆ ಹೋಗೋ ತಾರೀಕು ಇನ್ನೂ ನಲ್. ಟೆಸ್ಟಲ್ಲಿ ಬುಕಿಂಗ್ ಹುಟ್ಟಿಸೋ ಕನ್ಸ್ಟ್ರಕ್ಟರ್‌ಗೆ ಎರಡೂ ಒಟ್ಟಿಗೆ ಕೊಡ್ತಿದೀಯ, ಅದಕ್ಕೇ ಹಸಿರು. ಐಡಿನ ಫೀಲ್ಡ್ ಮೇಲೆ ಹಾಕು, ಆಗ ಅದು ಸೆಟರ್ ಕರೆಯಲ್ಲ, ಸೆಟರ್ ಎರಡೂ ಕಿತ್ತಾಕು, ಎರಡು ತಾರೀಕು ಸೇರಿಸಿ 'ತಂಗೋ ಅವಧಿ' ಅಂತ ಒಂದು ಸಣ್ಣ ಕ್ಲಾಸ್ ಮಾಡಿ ಚೆಕ್ ಅದರ ಕನ್ಸ್ಟ್ರಕ್ಟರಲ್ಲಿಡು. ಬರ್ಟ್ರಾಂಡ್ ಮೆಯರ್ ಮಾಡಿದ ಐಫೆಲ್ ಪ್ರೋಗ್ರಾಮಿಂಗ್ ಭಾಷೇಲಿ ಇನ್ವೇರಿಯಂಟನ್ನ, ಅಂದ್ರೆ ಯಾವಾಗ್ಲೂ ನಿಜ ಇರಬೇಕಾದ ನಿಯಮಾನ, ಮೆಥಡ್ ಮುಗಿದ ಮೇಲೆ ನೋಡ್ತಾರೆ, ನಡುವೆ ಅಲ್ಲ. ನೀನು ಒಗ್ಗರಣೆ ಅರ್ಧ ಆಗಿರೋವಾಗ್ಲೇ ಸಾರಿನ ರುಚಿ ನೋಡ್ತಿದೀಯ.

ಹಿಂಜವಡಿ ಹುಡುಗ: ನಲ್ ಹೋತು! ಆದ್ರ ನಾನು 3 ರಾತ್ರಿ ಚೆಕ್ಕೂ ಅಲ್ಲೇ ಇಟ್ಟಿದ್ದೆ, ಹೋದ ವರ್ಷದ 2 ರಾತ್ರಿ ಬುಕಿಂಗ್ ಕಾಪಿ ಮಾಡಿ ಬಿಲ್ ತಗದ್ರ ಈಗ ಅದು ಒದರಾಕತ್ತೈತಿ. ಆವಾಗ ಈ ರೂಲ್ ಇರಲಿಲ್ಲ.

ಬಾಣೇರ್ ಭಟ್ಟ: ಅದು ಬೇರೆ ಜಾತಿ ರೂಲು ಮಾರಾಯ. ತಾರೀಕು ಹಿಂದುಮುಂದಾಗೋದು ಯಾವ ಕಾಲಕ್ಕೂ ತಪ್ಪು, ಅದು ಅವಧಿ ಕ್ಲಾಸಲ್ಲಿರ್ಲಿ. 3 ರಾತ್ರಿ ಅನ್ನೋದು ಮಾಲೀಕರ ಈ ವರ್ಷದ ಮರ್ಜಿ, ಹೊಸ ಬುಕಿಂಗ್ ತಗೊಳ್ಳೋ ಹೊತ್ತಲ್ಲಿ ಮಾತ್ರ ಕೇಳು, ಬೇರೆ ಕ್ಲಾಸಲ್ಲಿ.

ಹಿಂಜವಡಿ ಹುಡುಗ: ಮಾಡಿದೆ. ಈಗ ಮಾಲಕರ ಫೋನ್ ಬಂತು, ಅವರ ಅಣ್ಣನ ಮಗ ಬಂದ್ರ ಒಂದ ರಾತ್ರಿನೂ ನಡೀತೈತಂತ. ಇದನ್ನ ಎಲ್ಲಿ ಬರೀಲಿ?

ಕೋಥ್ರೂಡ್ ಕಾಕಾ: ಡ್ರೂಲ್ಸ್.