ವೆಲ್ವೆಟ್ ಹೊಲಿಯುವಾಗ ಮೇಲಿನ ಪದರ ಮುಂದೆ ಓಡುತ್ತದೆ, ಕೆಳಗೆ ದಾರ ಗಂಟು (ದುರ್ಯೋಧನನ ಕೋಟು)

ಗದೆಹಿಡಿದವ:
ಎಲ್ಲರಿಗೂ ನಮಸ್ಕಾರ. ಹೊಲಿಗೆ ಕಲಿಯಲು ಶುರು ಮಾಡಿ ನಾಲ್ಕು ತಿಂಗಳಾಯಿತು. ಇದುವರೆಗೆ ದಿಂಬಿನ ಕವರು, ಎರಡು ಪೈಜಾಮ, ಒಂದು ಜುಬ್ಬ ಆಗಿದೆ. ಈಗ ದೊಡ್ಡದಕ್ಕೆ ಕೈ ಹಾಕಿ ಸಿಕ್ಕಿಹಾಕಿಕೊಂಡಿದ್ದೇನೆ.

ನಮ್ಮೂರು ಮಂಡ್ಯದ ಕಡೆ. ಹಬ್ಬಕ್ಕೆ ಪೌರಾಣಿಕ ನಾಟಕ ಆಡುತ್ತೇವೆ, ನನ್ನದು ದುರ್ಯೋಧನನ ಪಾತ್ರ. ಪ್ರತಿ ಸಲ ಡ್ರಾಮಾ ಸೀನರಿಯವರ ಹತ್ತಿರ ಬಾಡಿಗೆಗೆ ಡ್ರೆಸ್ ತರುವುದು. ಹೋದ ಸಲ ಬಂದ ಕೋಟಿನಲ್ಲಿ ನನಗಿಂತ ಮುಂಚಿನ ಮೂರು ದುರ್ಯೋಧನರ ಬೆವರಿನ ವಾಸನೆ ಇತ್ತು. ಎದೆ ಬಿಗಿ, ತೋಳು ಗಿಡ್ಡ. ಈ ಸಲ ನಾನೇ ಹೊಲಿಯುತ್ತೇನೆ ಎಂದು ಎಲ್ಲರ ಮುಂದೆ ಹೇಳಿಬಿಟ್ಟೆ. ಚಿಕ್ಕಪೇಟೆಯಿಂದ ಮರೂನ್ ವೆಲ್ವೆಟ್ ತಂದೆ, 44 ಇಂಚು ಅಗಲ, ಮೂರು ಮೀಟರ್. ಮೆಷಿನ್ ಅಮ್ಮನದು, ಕಪ್ಪು ಬಾಡಿಯ ಕಾಲುಮೆಷಿನ್.

ತೊಂದರೆ ಏನೆಂದರೆ, ಪಕ್ಕದ ಹೊಲಿಗೆ ಹಾಕುವಾಗ ಎರಡು ತುಂಡುಗಳೂ ಸಮವಾಗಿಯೇ ಶುರುವಾಗುತ್ತವೆ. ಸೊಂಟದ ಹತ್ತಿರ ಬರುವ ಹೊತ್ತಿಗೆ ಮೇಲಿನದು ಒಂದು ಇಂಚು ಮುಂದೆ ಹೋಗಿರುತ್ತದೆ. ಗುಂಡುಸೂಜಿ ಚುಚ್ಚಿದರೂ ಅದೇ ಕಥೆ. ಮೂರು ಸಲ ಬಿಚ್ಚಿದೆ. ಇನ್ನೊಂದು, ಹೊಲಿಗೆಯ ಕೆಳಭಾಗದಲ್ಲಿ ದಾರ ಗುಡ್ಡೆಗುಡ್ಡೆಯಾಗಿ ಗಂಟಾಗುತ್ತಿದೆ. ಮೆಷಿನ್ ಹಾಳಾಗಿದೆಯಾ?

ಎಣ್ಣೆಡಬ್ಬಿ:
ಕೆಳಗೆ ಗಂಟು ಅಂದರೆ ಕೆಳಗಿನ ದಾರ ಸಡಿಲ. ಬಾಬಿನ್ ಕೇಸಿನ (ಕೆಳಗಿನ ದಾರದ ಉಂಡೆ ಕೂರುವ ಗೂಡು) ಸ್ಕ್ರೂ ಅರ್ಧ ಸುತ್ತು ಬಿಗಿ ಮಾಡಿ. ಎಣ್ಣೆನೂ ಬಿಡಿ.

ಬಾಬಿನಕ್ಕ:
ತಡೀರಿ, ಸ್ಕ್ರೂ ಮುಟ್ಟಬೇಡಿ! ಕೆಳಗೆ ಗಂಟು ಬಿದ್ದರೆ ಹತ್ತರಲ್ಲಿ ಒಂಬತ್ತು ಸಲ ತಪ್ಪು ಮೇಲಿನ ದಾರದ್ದು. ಮೇಲಿನ ದಾರಕ್ಕೆ ಬಿಗಿ ಇಲ್ಲದಿದ್ದಾಗ ಶಟಲ್ (ಕೆಳಗೆ ದಾರ ಹಿಡಿದು ಸುತ್ತುವ ಭಾಗ) ಎಳೆದಷ್ಟೂ ಬಂದು ಕೆಳಗೆ ರಾಶಿ ಬೀಳುತ್ತದೆ.

ಹೀಗೆ ನೋಡಿ. ಪ್ರೆಸರ್ ಫೂಟ್ (ಬಟ್ಟೆ ಒತ್ತಿ ಹಿಡಿಯುವ ಪಾದ) ಮೇಲೆತ್ತಿ, ದಾರ ಪೂರ್ತಿ ತೆಗೆದು ಹೊಸದಾಗಿ ಪೋಣಿಸಿ. ಫೂಟ್ ಕೆಳಗಿದ್ದಾಗ ಪೋಣಿಸಿದರೆ ದಾರಕ್ಕೆ ಬಿಗಿ ಕೊಡುವ ಟೆನ್ಷನ್ ಬಿಲ್ಲೆಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ, ದಾರ ನಡುವೆ ಕೂರದೆ ಹೊರಗೇ ಉಳಿಯುತ್ತದೆ. ಪೋಣಿಸಿದ ಮೇಲೆ ಫೂಟ್ ಇಳಿಸಿ, ಸೂಜಿಯ ಹತ್ತಿರ ದಾರ ಮೆಲ್ಲಗೆ ಎಳೆಯಿರಿ. ಸೂಜಿ ಸ್ವಲ್ಪ ಬಾಗುವಷ್ಟು ಬಿಗಿ ಬರಬೇಕು. ಸುಮ್ನೆ ಜಾರಿ ಬಂದರೆ ಬಿಲ್ಲೆಯೊಳಗೆ ದಾರ ಇಲ್ಲ ಅಂತಲೇ ಅರ್ಥ.

ಬಾಬಿನ್ ಕೇಸ್ ಸರಿ ಇದೆಯಾ ನೋಡಲು ಅದನ್ನು ದಾರ ಹಿಡಿದು ನೇತಾಡಿಸಿ. ಕೈ ಒಮ್ಮೆ ಕುಲುಕಿದರೆ ಒಂದೆರಡು ಇಂಚು ಇಳಿದು ನಿಲ್ಲಬೇಕು. ನಿಂತರೆ ಆ ಸ್ಕ್ರೂ ತಂಟೆಗೆ ಹೋಗಲೇಬೇಡಿ.

ಇನ್ನು ನಾಲ್ಕು ಪ್ರಶ್ನೆ. ಯಾವ ನಂಬರ್ ಸೂಜಿ? ಎಷ್ಟು ಹಳೆಯದು? ದಾರ ಯಾವುದು? ಹೊಲಿಯುವಾಗ ಚಕ್ರ ಯಾವ ಕಡೆ ತಿರುಗುತ್ತದೆ?

ಗದೆಹಿಡಿದವ:
ಅಕ್ಕ, ಸೂಜಿ 16. ಎಷ್ಟು ವರ್ಷದ್ದೋ ಗೊತ್ತಿಲ್ಲ, ಮೆಷಿನ್ ಜೊತೆಗೇ ಇತ್ತು 😅 ದಾರ ಅಮ್ಮನ ಬಿಸ್ಕತ್ತಿನ ಡಬ್ಬಿಯಲ್ಲಿದ್ದ ಹಳೇ ಕಾಟನ್ ಉಂಡೆ. ಚಕ್ರ ನನ್ನ ಕಡೆಗೇ ತಿರುಗಬೇಕಲ್ವಾ? ಪೆಡಲ್ ಶುರು ಮಾಡುವಾಗ ಮಾತ್ರ ಒಮ್ಮೊಮ್ಮೆ ಉಲ್ಟಾ ಹೋಗುತ್ತದೆ.

ಬಾಬಿನಕ್ಕ:
ಸಿಕ್ಕಿತು ನೋಡಿ. ಆ ಉಲ್ಟಾ ಸುತ್ತೇ ನಿಮ್ಮ ಅರ್ಧ ಗಂಟು. ಮೊದಲು ಬಲಗೈಯಲ್ಲಿ ಚಕ್ರವನ್ನು ನಿಮ್ಮ ಕಡೆಗೆ ತಿರುಗಿಸಿ, ಅದು ಹೊರಟ ಮೇಲೆ ಕಾಲು ಸೇರಿಸಿ. ಮೊದಲ ನಾಲ್ಕು ಹೊಲಿಗೆ ಬೀಳುವ ತನಕ ಎರಡೂ ದಾರದ ತುದಿಗಳನ್ನು ಹಿಂದಕ್ಕೆ ಹಿಡಿದುಕೊಂಡಿರಿ.

ಹಳೇ ಕಾಟನ್ ದಾರ ಎರಡು ಕೈಯಲ್ಲಿ ಹಿಡಿದು ಎಳೆದು ನೋಡಿ, ಪಟ್ ಎಂದು ತುಂಡಾದರೆ ಕಸಕ್ಕೆ ಹಾಕಿ. ಪಾಲಿಯೆಸ್ಟರ್ ದಾರ ತನ್ನಿ, ಮೇಲೂ ಕೆಳಗೂ ಒಂದೇ. ಸೂಜಿ ಹೊಸದು, 14 ನಂಬರ್. ಹಾಕುವಾಗ ಸೂಜಿಯ ಮೈಮೇಲಿನ ಉದ್ದ ಗೀರು ದಾರ ಒಳಗೆ ಹೋಗುವ ಕಡೆಗೆ ಇರಲಿ. ಅದು ತಿರುಗುಮುರುಗಾದರೆ ಹೊಲಿಗೆ ತಪ್ಪುತ್ತಾ ಹೋಗುತ್ತದೆ.

ಎಣ್ಣೆ ಬಿಟ್ಟರೆ ಹಳೇ ಬಟ್ಟೆಯ ಮೇಲೆ ಹತ್ತು ನಿಮಿಷ ಓಡಿಸಿ ಆಮೇಲೆ ವೆಲ್ವೆಟ್ ಇಡಿ. ಎಣ್ಣೆ ಕಲೆ ವೆಲ್ವೆಟ್ ಬಿಟ್ಟು ಹೋಗುವುದಿಲ್ಲ, ನಾನು ಅತ್ತ ಅನುಭವ.

ಸೀನರಿಮನೆ:
ನಮ್ಮ ತಾತನಿಗೆ ಸೀನರಿ ಅಂಗಡಿ ಇತ್ತು, ಕಿರೀಟ ಭುಜಕೀರ್ತಿಗಳ ನಡುವೆಯೇ ಬೆಳೆದವನು ನಾನು. ಕಂಪನಿ ನಾಟಕದ ಕಾಲದಿಂದ ರಾಜ ಅಂದರೆ ಮಖಮಲ್ಲು. ಹಾಗಾಗಿ ಆ ಒಂದು ಇಂಚಿನ ಬಗ್ಗೆ ನಾನು ಹೇಳುತ್ತೇನೆ. ಅದು ಮೆಷಿನ್ ತಪ್ಪಲ್ಲ, ಬಟ್ಟೆಯ ಗುಣ.

ವೆಲ್ವೆಟ್‌ಗೆ ರೋಮ ಇದೆ. ಎರಡು ತುಂಡಿನ ರೋಮ ಎದುರುಬದುರಾದಾಗ ಬ್ರಷ್‌ಗೆ ಬ್ರಷ್ ಉಜ್ಜಿದ ಹಾಗೆ. ಕೆಳಗಿನ ಪದರವನ್ನು ಮೆಷಿನ್‌ನ ಹಲ್ಲು ಹಿಂದಕ್ಕೆ ಎಳೆಯುತ್ತದೆ. ಮೇಲಿನದನ್ನು ಫೂಟ್ ಒತ್ತಿ ಹಿಡಿದಿರುತ್ತದೆ, ಅದು ನಿಮ್ಮ ಕಡೆಗೆ ತೆವಳುತ್ತದೆ. ಗುಂಡುಸೂಜಿ ಎರಡರ ನಡುವಿನ ಜಾಗದಲ್ಲಿ ಬಟ್ಟೆ ಉಬ್ಬಿ ಮತ್ತೆ ತೆವಳುತ್ತದೆ. ಅದಕ್ಕೇ ಗುಂಡುಸೂಜಿ ನಂಬಬೇಡಿ.

ತಾತ ಕಚ್ಚಾ ಹೊಲಿಗೆ (ಆಮೇಲೆ ಬಿಚ್ಚುವ ಕೈಹೊಲಿಗೆ) ಹಾಕದೆ ಮಖಮಲ್ಲನ್ನು ಮೆಷಿನ್ ಹತ್ತಿರ ಬಿಡುತ್ತಿರಲಿಲ್ಲ. ಅದೂ ಒಂದು ಸಾಲಲ್ಲ, ಎರಡು. ಮೆಷಿನ್ ಹೊಲಿಗೆ ಬರುವ ಗೆರೆಯ ಆಚೆ ಒಂದು, ಈಚೆ ಒಂದು. ಗಿಡ್ಡ ಗಿಡ್ಡ ಹೊಲಿಗೆ. ನಾಲ್ಕು ಇಂಚಿಗೊಮ್ಮೆ ಒಂದು ಹಿಮ್ಮುಖ ಹೊಲಿಗೆ ಹಾಕಿ ಬೀಗ ಹಾಕುವುದು. ಬೇಜಾರಿನ ಕೆಲಸ ನಿಜ, ಕ್ರಿಕೆಟ್ ನೋಡುತ್ತಾ ಮಾಡಿ. ಮೂರು ಸಲ ಬಿಚ್ಚುವುದಕ್ಕಿಂತ ಬೇಗ ಮುಗಿಯುತ್ತದೆ.

ಆಮೇಲೆ ಫೂಟಿನ ಕಂಬದ ತಲೆಯ ಮೇಲಿರುವ ಸ್ಕ್ರೂ ಸಡಿಲ ಮಾಡಿ, ಫೂಟ್ ಹಗುರವಾಗಿ ಒತ್ತಲಿ. ಹೊಲಿಗೆ ಉದ್ದ 3 ಮಿಲಿಮೀಟರ್. ರೋಮ ಮಲಗುವ ದಿಕ್ಕಿಗೇ ಹೊಲಿಯಿರಿ. ಇನ್ನೂ ತೆವಳಿದರೆ ಎರಡು ಪದರದ ನಡುವೆ ಬಟರ್ ಪೇಪರ್ ಪಟ್ಟಿ ಇಟ್ಟು ಹೊಲಿದು ಆಮೇಲೆ ಹರಿದು ತೆಗೆಯಿರಿ. ನ್ಯೂಸ್ ಪೇಪರ್ ಬೇಡ, ಮಸಿ ಹತ್ತುತ್ತದೆ.

ಒಂದು ಅನುಮಾನ. ಕತ್ತರಿಸುವಾಗ ಎಲ್ಲಾ ತುಂಡನ್ನೂ ಒಂದೇ ದಿಕ್ಕಿಗೆ ಇಟ್ಟಿದ್ರಾ?

ಗದೆಹಿಡಿದವ:
ಅಯ್ಯೋ. ಬಟ್ಟೆ ಉಳಿಯಲಿ ಎಂದು ಬಲಗಡೆ ಮುಂಭಾಗವನ್ನು ತಲೆಕೆಳಗಾಗಿ ಇಟ್ಟೆ. ಟ್ಯೂಬ್‌ಲೈಟ್ ಕೆಳಗೆ ನಿಂತರೆ ಎಡಗಡೆ ತಿಳಿ ಮರೂನ್, ಬಲಗಡೆ ಕಡು ಮರೂನ್ ಕಾಣುತ್ತಿದೆ. ಅಂಗಡಿಯವರು ಎರಡು ಥಾನಿನಿಂದ ಕೊಟ್ಟಿದ್ದಾರೆ ಎಂದು ಬೈದುಕೊಂಡಿದ್ದೆ.

ಸೀನರಿಮನೆ:
ಅಂಗಡಿಯವರದು ತಪ್ಪಿಲ್ಲ, ಪಾಪ. ಬೆಕ್ಕಿನ ಮೈ ಸವರಿದ ಹಾಗೆ ಬಟ್ಟೆ ಸವರಿ. ಕೈ ನುಣ್ಣಗೆ ಹೋಗುವ ಕಡೆ ರೋಮ ಮಲಗಿದೆ. ರೋಮ ಕೆಳಮುಖವಾಗಿದ್ದರೆ ಬಣ್ಣ ತಿಳಿಯಾಗಿ ಹೊಳೆಯುತ್ತದೆ, ಮೇಲ್ಮುಖವಾಗಿದ್ದರೆ ಗಾಢವಾಗಿ ಕಾಣುತ್ತದೆ. ಸ್ಟೇಜ್ ಲೈಟಿನಲ್ಲಿ ಈ ವ್ಯತ್ಯಾಸ ಇನ್ನೂ ಜಾಸ್ತಿ. ಹಿಂದಿನ ಸಾಲಿನ ಅಜ್ಜಿಗೂ ಗೊತ್ತಾಗುತ್ತದೆ.

ಬೇರೆ ದಾರಿ ಇಲ್ಲ, ಬಲಗಡೆಯದನ್ನು ಹೊಸದಾಗಿ ಕತ್ತರಿಸಿ. ತಪ್ಪಿದ ತುಂಡು ಹಾಳೇನೂ ಆಗುವುದಿಲ್ಲ. ಮಣಿಕಟ್ಟಿನ ಪಟ್ಟಿ, ಕಾಲರು, ಸೊಂಟದ ಪಟ್ಟಿ ಮಾಡಿ ಸುತ್ತ ಜರಿ ಲೇಸ್ ಇಡಿ. ಆಗ ಆ ಬಣ್ಣದ ವ್ಯತ್ಯಾಸ ಬೇಕೆಂದೇ ಮಾಡಿದ ಹಾಗೆ ಕಾಣುತ್ತದೆ. ಈ ಸಲ ಬಟ್ಟೆ ಮಡಚದೆ ಒಂದೇ ಪದರದಲ್ಲಿ, ಉಲ್ಟಾ ಬದಿಯಲ್ಲಿ ಸೀಮೆಸುಣ್ಣದಿಂದ ಬಾಣದ ಗುರುತು ಹಾಕಿ ಕತ್ತರಿಸಿ.

ಇಸ್ತ್ರಿ ಮಾತ್ರ ಹುಷಾರು. ಟರ್ಕಿ ಟವೆಲ್ ಹಾಸಿ, ರೋಮ ಕೆಳಗೆ ಮಾಡಿ, ಹಿಂಬದಿಯಿಂದ ಹಬೆ ತೋರಿಸಿ. ಒತ್ತಿದರೆ ಪೆಟ್ಟಿಗೆಯ ಗುರುತು ಹಾಗೇ ಉಳಿಯುತ್ತದೆ. ಬಿಚ್ಚಿದ ಹೊಲಿಗೆಯ ತೂತುಗಳಿಗೂ ಅದೇ ಹಬೆ, ಜೊತೆಗೆ ಮೆತ್ತನೆಯ ಟೂತ್‌ಬ್ರಷ್.

ಗದೆಹಿಡಿದವ:
ವಾರದ ನಂತರ ಬರೆಯುತ್ತಿದ್ದೇನೆ. ಹೊಸ ಸೂಜಿ, ಹೊಸ ದಾರ, ಫೂಟ್ ಎತ್ತಿ ಪೋಣಿಸಿದ್ದು, ಇಷ್ಟಕ್ಕೇ ಗಂಟು ಮಾಯ. ಎರಡು ಸಾಲು ಕಚ್ಚಾ ಹೊಲಿಗೆ ಹಾಕಿ ಪಕ್ಕ ಹೊಲಿದೆ. ಕೊನೆಯಲ್ಲಿ ಒಂದು ನೂಲೆಳೆಯಷ್ಟೂ ವ್ಯತ್ಯಾಸ ಇಲ್ಲ! ಅಮ್ಮ ಬಂದು ತಿರುಗಿಸಿ ನೋಡಿ ಏನೂ ಹೇಳದೆ ಹೋದರು. ಅವರು ಹೊಗಳುವುದೇ ಹಾಗೆ.

ಈಗ ಹೊಸ ತಾಪತ್ರಯ. ಗದೆ ಎತ್ತಿದರೆ ಕೋಟು ಪೂರ್ತಿ ಹೊಟ್ಟೆ ತನಕ ಮೇಲೆ ಬರುತ್ತದೆ. ಕೈ ಆಡಲಿ ಎಂದೇ ಕಂಕುಳ ಎರಡು ಇಂಚು ಕೆಳಗೆ ಇಳಿಸಿದ್ದೆ. ಇನ್ನೂ ಇಳಿಸಲೇ?

ಬಾಬಿನಕ್ಕ:
ಬೇಡ ಬೇಡ! ಎಲ್ಲರೂ ಮಾಡುವ ತಪ್ಪು ಇದು. ಕಂಕುಳ ಕೆಳಗಿಳಿದಷ್ಟೂ ತೋಳು ಕೋಟಿನ ಪಕ್ಕವನ್ನು ಹಿಡಿದು ಎಳೆಯುತ್ತದೆ. ಮೈಗೆ ಹತ್ತಿರ, ಮೇಲಕ್ಕೆ ಇದ್ದರೇನೇ ಕೈ ಸಲೀಸಾಗಿ ಏಳುವುದು. ಆದರೆ ಕತ್ತರಿಸಿದ್ದು ಕತ್ತರಿಸಿ ಆಯಿತು, ಈಗ ಒಂದು ಚೌಕ ತುಂಡು ಸೇರಿಸಿ ಸರಿ ಮಾಡಬಹುದು.

ಕಂಕುಳಿನಲ್ಲಿ ತೋಳಿನ ಉದ್ದಕ್ಕೆ ಹೋಗುವ ಹೊಲಿಗೆ ನಾಲ್ಕು ಇಂಚು, ಪಕ್ಕದ ಹೊಲಿಗೆ ನಾಲ್ಕು ಇಂಚು ಬಿಚ್ಚಿ. ಐದು ಇಂಚಿನ ಚೌಕ ಕತ್ತರಿಸಿ, ಸುತ್ತ ಅರ್ಧ ಇಂಚು ಹೊಲಿಗೆಗೆ ಹೋಗುತ್ತದೆ. ಅದನ್ನು ವಜ್ರದ ಹಾಗೆ ತಿರುಗಿಸಿ ಇಡಿ. ಒಂದು ಮೂಲೆ ತೋಳಿನ ಕಡೆ, ಎದುರು ಮೂಲೆ ಸೊಂಟದ ಕಡೆ. ಉಳಿದೆರಡು ಮೂಲೆ ಮುಂದೆ ಹಿಂದೆ ಕಂಕುಳಿನ ಹೊಲಿಗೆಗೆ ಸರಿಯಾಗಿ ಬರಬೇಕು. ವೆಲ್ವೆಟ್ ಬೇಡ, ದಪ್ಪ ಆಗುತ್ತದೆ. ಅದೇ ಬಣ್ಣದ ಕಾಟನ್ ಹಾಕಿ, ಬೆವರೂ ಹೀರುತ್ತದೆ.

ಎಣ್ಣೆಡಬ್ಬಿ:
ಸ್ಕ್ರೂ ವಿಷಯದಲ್ಲಿ ನಾನು ಸೋತೆ 🙏 ಆದರೆ ಅಸ್ತರನ್ನು (ಒಳಗಿನ ಪದರ) ಕೋಟಿಗೆ ಸೇರಿಸಿ ಹೊಲಿಯಬೇಡಿ. ಪ್ರೆಸ್ ಬಟನ್ ಹಾಕಿ ಬೇರೆಯಾಗಿ ಇಡಿ. ನಾಟಕದ ಮರುದಿನ ಅಸ್ತರು ಮಾತ್ರ ತೆಗೆದು ಒಗೆಯಬಹುದು. ಮುಂದಿನ ದುರ್ಯೋಧನ ನಿಮ್ಮನ್ನು ನೆನೆಯುತ್ತಾನೆ.

ಗದೆಹಿಡಿದವ:
ಚೌಕ ತುಂಡು ಸೇರಿಸಿದೆ, ಕೈ ತಲೆಯ ಮೇಲೆ ಹೋದರೂ ಕೋಟು ಜಾಗ ಬಿಟ್ಟು ಏಳುತ್ತಿಲ್ಲ. ಪ್ರೆಸ್ ಬಟನ್ ಐಡಿಯಾ ತಗೊಂಡೆ ಸರ್. ರಿಹರ್ಸಲ್‌ನಲ್ಲಿ ನೋಡಿ ನಮ್ಮ ಭೀಮನಿಗೂ ಒಂದು ಬೇಕಂತೆ. ಎದೆ 46 ಇಂಚು. ಎಷ್ಟು ಬಟ್ಟೆ ತರಲಿ?

ಸೀನರಿಮನೆ:
ಮೊದಲು ಅಳತೆಯ ತುಂಡುಗಳನ್ನು ಪೇಪರಿನಲ್ಲಿ ಕತ್ತರಿಸಿ. ನೆಲದ ಮೇಲೆ 44 ಇಂಚು ಅಗಲಕ್ಕೆ ಎರಡು ಗೆರೆ ಎಳೆದು, ಎಲ್ಲಾ ಬಾಣ ಒಂದೇ ಕಡೆ ಮಾಡಿ ಜೋಡಿಸಿ, ಉದ್ದ ಅಳೆಯಿರಿ. ಅದರ ಮೇಲೆ ಅರ್ಧ ಮೀಟರ್ ಜಾಸ್ತಿ ತನ್ನಿ. ದುಡ್ಡು ಭೀಮನ ಹತ್ತಿರ ಮೊದಲೇ ಇಸ್ಕೊಳ್ಳಿ.